ಎಣ್ಣೆ ಕಾಣದ ಸರಪಳಿ

ಕೇಂದ್ರ ಸರ್ಕಾರದ ನೌಕರರಿಗೆ ಸಲ್ಲುವ ಭತ್ಯೆಗಳ ಉದ್ದನೆಯ ಪಟ್ಟಿಯಲ್ಲಿ ಸೈಕಲ್ ಭತ್ಯೆ ಎಂಬುದೊಂದಿದೆ. ಏಳನೆಯ ವೇತನ ಆಯೋಗವು ಒಟ್ಟು 197 ಭತ್ಯೆಗಳನ್ನು ಪರಿಶೀಲಿಸಿ, ಅವುಗಳಲ್ಲಿ 53ನ್ನು ರದ್ದುಪಡಿಸಬಹುದೆಂದು ಶಿಫಾರಸು ಮಾಡಿದಾಗ ಇದೂ ಆ 53ರೊಳಗೆ ಸೇರಿತ್ತು. 2017ರ ಜೂನ್ ತಿಂಗಳಲ್ಲಿ ಸಚಿವ ಸಂಪುಟವು ಅವುಗಳಲ್ಲಿ 12ನ್ನು ಕೈಬಿಡದೆ ಉಳಿಸಿಕೊಂಡಿತು. ಹಾಗೆ ಉಳಿದವುಗಳಲ್ಲಿ ಸೈಕಲ್ ಭತ್ಯೆಯೂ ಒಂದು. ಅಂಚೆಯವರಿಗೂ ರೈಲು ಹಳಿಗಳ ಮೇಲೆ ದುಡಿಯುವ ಟ್ರ್ಯಾಕ್‌ಮನ್‌ಗಳಿಗೂ ಅದು ಬೇಕೆಂದು ಒಪ್ಪಿ, ತಿಂಗಳಿಗೆ 90 ರೂಪಾಯಿ ಇದ್ದದ್ದನ್ನು 180ಕ್ಕೆ ಏರಿಸಲಾಯಿತು.

ಮೊತ್ತವನ್ನು ಕಂಡು ನಗುವವರು ನಗಲಿ. ಕಡತಗಳ ನಡುವೆ ಬಾಳುವ ನಮ್ಮ ಕಣ್ಣು ಹೋದದ್ದು ಹೆಸರಿನ ಕಡೆಗೆ. ಹಳೆಯ ಆದೇಶಗಳಲ್ಲಿ ಇದು ಬರಿಯ ಸೈಕಲ್ ಭತ್ಯೆಯಲ್ಲ. ‘ಸೈಕಲ್’ ಮತ್ತು ‘ಭತ್ಯೆ’ ಎಂಬ ಎರಡು ಪದಗಳ ನಡುವೆ ಕಂಸ ಹಾಕಿ ‘ನಿರ್ವಹಣೆ’ ಎಂದು ಬರೆದಿರುತ್ತದೆ. ಸೈಕಲ್ ಕೊಳ್ಳುವುದು ಒಂದು ಸಲದ ಮಾತು, ಅದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಪ್ರತಿ ತಿಂಗಳ ಮಾತು ಎಂಬ ತಿಳಿವಳಿಕೆ ಆ ಕಂಸದೊಳಗೆ ಕುಳಿತಿದೆ. ಆದೇಶ ಬರೆದ ಆ ಅಜ್ಞಾತ ಗುಮಾಸ್ತನಿಗೆ ಸೈಕಲ್ ತುಳಿದು ಅಭ್ಯಾಸವಿದ್ದಿರಬೇಕು.

ಈ ಕಂಸವನ್ನು ನೆನೆಯಲು ಕಾರಣವಿದೆ. 2020ರ ಲಾಕ್‌ಡೌನ್ ಸಡಿಲವಾದ ಮೇಲೆ ನಮ್ಮ ಬಳಗದಲ್ಲಿ ಹಲವರು ಗೇರಿನ ಸೈಕಲ್ಲುಗಳನ್ನು ಕೊಂಡರು. ಮುಂಬಯಿಯವರು, ಪುಣೆಯವರು, ದೆಹಲಿಯವರು ಎಲ್ಲರೂ ಕೆಲವು ತಿಂಗಳು ಬೆಳಗಿನ ಸವಾರಿಯ ಚಿತ್ರಗಳನ್ನು ಹಂಚಿಕೊಂಡರು. ಆ ಸೈಕಲ್ಲುಗಳಲ್ಲಿ ಹೆಚ್ಚಿನವು ಇಂದು ಪಾರ್ಕಿಂಗ್ ಜಾಗದ ಮೂಲೆಗಳಲ್ಲಿ ಕಂಬಕ್ಕೆ ಒರಗಿ ನಿಂತಿವೆ. ಟೈರಿನಲ್ಲಿ ಗಾಳಿಯಿಲ್ಲ; ಚೈನು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಕಾಲಿಗೆ ಬೇಸರ ಬಂದದ್ದಕ್ಕಿಂತ ಚೈನಿಗೆ ತುಕ್ಕು ಬಂದದ್ದೇ ಅನೇಕ ಸವಾರಿಗಳನ್ನು ನಿಲ್ಲಿಸಿತೆಂದು ನಾವು ಬಲ್ಲೆವು. ಕಿರಗುಟ್ಟುವ, ಹಲ್ಲು ಜಾರುವ, ಏರಿನಲ್ಲಿ ಕಳಚಿಬೀಳುವ ಸೈಕಲ್ಲನ್ನು ಯಾರು ತಾನೆ ಮುಂಜಾನೆ ಎದ್ದು ತುಳಿದಾರು? ಆದ್ದರಿಂದ ಈ ಸಲ ಸರಪಳಿಯ ಚರಿತ್ರೆಯನ್ನೂ, ಅದರ ನೆವದಲ್ಲಿ ಅದರ ಆರೈಕೆಯನ್ನೂ ಒಟ್ಟಿಗೆ ಬರೆಯುತ್ತಿದ್ದೇವೆ.

ಸೈಕಲ್ಲಿನ ಕಥೆಯನ್ನು ಸಾಮಾನ್ಯವಾಗಿ ಚಕ್ರದ ಕಥೆಯಾಗಿ ಹೇಳುತ್ತಾರೆ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಚಕ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಡುವೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಿದ. ಅದಕ್ಕೆ ಪೆಡಲೂ ಇರಲಿಲ್ಲ, ಸರಪಳಿಯೂ ಇರಲಿಲ್ಲ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೇ ಪೆಡಲುಗಳನ್ನು ಸಿಕ್ಕಿಸಿದರು. ಕಾಲು ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಹಾಗೆ ದೊಡ್ಡದಾಗುತ್ತ ಆಗುತ್ತ 1870ರ ದಶಕದಲ್ಲಿ ಇಂಗ್ಲೆಂಡಿನ ಬೀದಿಗಳಲ್ಲಿ ಆಳೆತ್ತರದ ಮುಂದಿನ ಚಕ್ರ, ತಟ್ಟೆಯಷ್ಟಗಲದ ಹಿಂದಿನ ಚಕ್ರ ಇದ್ದ ಆ ವಿಚಿತ್ರ ವಾಹನ ಕಾಣಿಸಿಕೊಂಡಿತು. ಸವಾರನ ಕಾಲಿನ ಉದ್ದವೇ ಅದರ ವೇಗದ ಮಿತಿ. ಕಲ್ಲೊಂದು ಅಡ್ಡ ಬಂದರೆ ಸವಾರ ತಲೆಕೆಳಗಾಗಿ ಹ್ಯಾಂಡಲ್ ದಾಟಿ ಬೀಳುತ್ತಿದ್ದ. ಹೆಂಗಸರಿಗೆ, ವಯಸ್ಸಾದವರಿಗೆ, ಕುಳ್ಳಗಿನವರಿಗೆ ಅದು ನೋಡುವ ವಸ್ತುವಷ್ಟೇ.

ಈ ಕಗ್ಗಂಟನ್ನು ಬಿಡಿಸಿದ್ದು ಸರಪಳಿ. ಕಾಲು ತಿರುಗುವ ಜಾಗವನ್ನೂ ಚಕ್ರ ತಿರುಗುವ ಜಾಗವನ್ನೂ ಅದು ಬೇರೆಮಾಡಿತು. ಮುಂದೆ ದೊಡ್ಡ ಹಲ್ಲುಗಾಲಿ, ಹಿಂದೆ ಚಿಕ್ಕದು, ನಡುವೆ ಸರಪಳಿ. ಈಗ ಚಕ್ರ ಚಿಕ್ಕದಿದ್ದರೂ ಕಾಲಿನ ಒಂದು ಸುತ್ತಿಗೆ ಎರಡೂವರೆ ಸುತ್ತು ಹೊರಳಬಲ್ಲದು. ಇಂಗ್ಲಿಷ್ ಸೈಕಲ್ ಲೆಕ್ಕದಲ್ಲಿ ಇಂದಿಗೂ ‘ಗೇರ್ ಇಂಚು’ ಎಂಬ ಅಳತೆಯಿದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು, ಚಕ್ರ 28 ಇಂಚು ಎಂದಿಟ್ಟುಕೊಂಡರೆ 44ನ್ನು 18ರಿಂದ ಭಾಗಿಸಿ 28ರಿಂದ ಗುಣಿಸಬೇಕು; ಸುಮಾರು 68 ಬರುತ್ತದೆ. ಅಂದರೆ ನಮ್ಮ ಸಾದಾ ಕರಿ ಸೈಕಲ್ಲು 68 ಇಂಚು ಎತ್ತರದ ಚಕ್ರವುಳ್ಳ ಆ ಹಳೆಯ ವಾಹನಕ್ಕೆ ಸಮ ಎಂದರ್ಥ. ಅಷ್ಟೆತ್ತರದ ಚಕ್ರವನ್ನು ತುಳಿಯಬಲ್ಲ ಕಾಲು ಮನುಷ್ಯರಿಗೆ ಇರುವುದಿಲ್ಲ. ಸರಪಳಿ ನಮಗೆ ಆ ಕಾಲನ್ನು ಕೊಟ್ಟಿದೆ.

ಆ ಸರಪಳಿ ಹುಟ್ಟಿದ್ದು ಸೈಕಲ್ಲಿಗಾಗಿ ಅಲ್ಲ ಎಂಬುದು ಗಿರಣಿಗಳ ಊರಾದ ಮುಂಬಯಿಯಲ್ಲಿ ಬದುಕಿದವರಿಗೆ ಸ್ವಾರಸ್ಯವಾಗಿ ತೋರಬಹುದು. ಅದು ಬಟ್ಟೆ ಗಿರಣಿಯ ಕೂಸು. ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡ್‌ನಲ್ಲಿ ಜೇಮ್ಸ್ ಸ್ಲೇಟರ್ ಎಂಬಾತ ಗಿರಣಿ ಯಂತ್ರಗಳಿಗೆ ಸರಪಳಿ ಮಾಡುವ ಸಣ್ಣದೊಂದು ಕಾರ್ಖಾನೆ ನಡೆಸುತ್ತಿದ್ದ. ಸ್ವಿಟ್ಜರ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದ ಹಾನ್ಸ್ ರೆನಾಲ್ಡ್ 1879ರಲ್ಲಿ ಅದನ್ನು ಕೊಂಡು, ಮರುವರ್ಷವೇ, ಅಂದರೆ 1880ರಲ್ಲಿ, ಬುಷ್ ಮತ್ತು ರೋಲರ್ ಇರುವ ಸರಪಳಿಗೆ ಪೇಟೆಂಟು ಪಡೆದ. ನಾವಿಂದು ಸೈಕಲ್ಲಿನಲ್ಲಿ, ಮೋಟರ್ ಸೈಕಲ್ಲಿನಲ್ಲಿ, ಕಬ್ಬಿನ ಗಾಣದಲ್ಲಿ ಕಾಣುವ ಚೈನು ಮೂಲದಲ್ಲಿ ಅದೇ.

ರೆನಾಲ್ಡ್ ಮಾಡಿದ್ದೇನೆಂಬುದನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಆರೈಕೆಯ ಗುಟ್ಟೆಲ್ಲ ಅಲ್ಲೇ ಇದೆ. ಅದಕ್ಕೂ ಹಿಂದಿನ ಸರಪಳಿಯಲ್ಲಿ ತೆಳುವಾದ ಪಟ್ಟಿಗಳು ನೇರವಾಗಿ ಪಿನ್ನಿನ ಮೇಲೆ ತಿರುಗುತ್ತಿದ್ದವು. ಪಟ್ಟಿಯ ದಪ್ಪವೆಷ್ಟೋ ಅಷ್ಟೇ ಅಗಲದ ಜಾಗದ ಮೇಲೆ ಎಳೆತದ ಭಾರವೆಲ್ಲ ಬೀಳುತ್ತಿತ್ತು. ಪಿನ್ನು ಬೇಗನೆ ಕೊರೆದುಹೋಗುತ್ತಿತ್ತು. ರೆನಾಲ್ಡ್ ಎರಡು ಒಳಪಟ್ಟಿಗಳ ನಡುವೆ ಒಂದು ಸಣ್ಣ ಕೊಳವೆಯನ್ನು, ಅಂದರೆ ಬುಷ್ಷನ್ನು, ಕೂರಿಸಿದ. ಪಿನ್ನು ಆ ಕೊಳವೆಯೊಳಗೆ ಉದ್ದಕ್ಕೂ ಕುಳಿತು ತಿರುಗುವುದರಿಂದ ಭಾರ ಹಂಚಿಹೋಗುತ್ತದೆ. ಕೊಳವೆಯ ಮೇಲೆ ಸಡಿಲವಾದ ಇನ್ನೊಂದು ಉರುಳೆ, ಅದೇ ರೋಲರ್. ಅದು ಹಲ್ಲಿಗೆ ಉಜ್ಜದೆ ಉರುಳುತ್ತದೆ. ಹೀಗೆ ಒಂದು ಕೊಂಡಿಯಲ್ಲಿ ಎರಡು ಕಡೆ ಲೋಹ ಲೋಹದ ಮೇಲೆ ಜಾರುತ್ತದೆ: ಪಿನ್ನು ಬುಷ್ಷಿನೊಳಗೆ, ರೋಲರ್ ಬುಷ್ಷಿನ ಮೇಲೆ. ಎಣ್ಣೆ ಬೇಕಾದದ್ದು ಈ ಎರಡು ಕಡೆ ಮಾತ್ರ. ಎರಡೂ ಕಣ್ಣಿಗೆ ಕಾಣದ ಜಾಗಗಳು. ಕಣ್ಣಿಗೆ ಕಾಣುವ ಜಾಗಕ್ಕೆ, ಅಂದರೆ ಪಟ್ಟಿಯ ಹೊರಮೈಗೆ, ತುಕ್ಕು ಹಿಡಿಯದಷ್ಟು ತೆಳುವಾದ ಲೇಪ ಸಾಕು. ಅಲ್ಲಿ ನಿಂತ ಹೆಚ್ಚಿನ ಎಣ್ಣೆಯಿಂದ ಹಾನಿಯೇ ಹೆಚ್ಚು.

ಸರಪಳಿಯಿಂದ ಹಿಂದಿನ ಚಕ್ರವನ್ನು ಎಳೆಯುವ ಸೈಕಲ್ಲನ್ನು ಹೆನ್ರಿ ಲಾಸನ್ 1879ರಲ್ಲೇ ರೂಪಿಸಿದ್ದ; ಜನ ಅದನ್ನು ಮೊಸಳೆಯೆಂದು ಹಾಸ್ಯಮಾಡಿದರು, ಕೊಳ್ಳಲಿಲ್ಲ. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲೆ ‘ರೋವರ್’ ಸೇಫ್ಟಿ ಸೈಕಲ್ಲನ್ನು ಹೊರತಂದ ಮೇಲೆ ಚಿತ್ರ ಬದಲಾಯಿತು. 1888ರಲ್ಲಿ ಡನ್‌ಲಪ್ ಗಾಳಿಯ ಟೈರು ಕೊಟ್ಟ. ಅಲ್ಲಿಂದಾಚೆಗೆ ಸೈಕಲ್ಲಿನ ಆಕಾರ ಹೆಚ್ಚೇನೂ ಬದಲಾಗಿಲ್ಲ.

ಆದರೆ ಸರಪಳಿಗೆ ನೆಮ್ಮದಿ ಸಿಕ್ಕಿತೆಂದು ತಿಳಿಯಬಾರದು. 1890ರ ದಶಕವೆಲ್ಲ ಅದರಿಂದ ಬಿಡುಗಡೆ ಪಡೆಯುವ ಹಟದಲ್ಲೇ ಕಳೆಯಿತು. ವಿಲಿಯಂ ಸಿಂಪ್ಸನ್ ಎಂಬ ಇಂಗ್ಲಿಷಿನವನು ತ್ರಿಕೋನಾಕಾರದ ಕೊಂಡಿಗಳ ‘ಲಿವರ್ ಚೈನ್’ ಒಂದನ್ನು ತಂದು, ಸನ್ನೆಯ ತತ್ತ್ವದಿಂದ ಅದು ಹೆಚ್ಚಿನ ಬಲ ಕೊಡುತ್ತದೆಂದು ಸಾರಿದ. 1896ರ ಜೂನ್‌ನಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಆ ಚೈನಿಗೂ ಸಾದಾ ಚೈನಿಗೂ ಪಂದ್ಯಗಳೇ ನಡೆದವು. ಪ್ಯಾರಿಸ್ಸಿನ ಚಿತ್ರಕಾರ ತುಲೂಸ್ ಲೋತ್ರೆಕ್ ಅದಕ್ಕೆ ಜಾಹೀರಾತಿನ ಪೋಸ್ಟರ್ ಬರೆದುಕೊಟ್ಟ. ಸಿಂಪ್ಸನ್ ಕಡೆಯವರು ಗೆದ್ದದ್ದೂ ಉಂಟು. ಆದರೆ ಗೆದ್ದವರು ಸವಾರರೇ ಹೊರತು ಸರಪಳಿಯಲ್ಲ. ಕಾಲು ಹಾಕದ ಶಕ್ತಿಯನ್ನು ಕೊಂಡಿ ಎಲ್ಲಿಂದ ತಂದೀತು? ಅದೇ ವರ್ಷ ಪ್ರಕಟವಾದ ಆರ್ಚಿಬಾಲ್ಡ್ ಶಾರ್ಪನ ಬೃಹತ್ ಗ್ರಂಥವು ಸೈಕಲ್ಲಿನ ಬಲವಿಜ್ಞಾನವನ್ನೆಲ್ಲ ಗಣಿತದಿಂದ ಬಿಡಿಸಿಟ್ಟಿತು. ಸಿಂಪ್ಸನ್ ಚೈನು ಕೆಲವೇ ವರ್ಷಗಳಲ್ಲಿ ಮರೆಯಾಗಿ, ಪೋಸ್ಟರ್ ಮಾತ್ರ ಕಲಾಸಂಗ್ರಹಗಳಲ್ಲಿ ಉಳಿಯಿತು. ಅತ್ತ ಅಮೆರಿಕದಲ್ಲಿ ಕರ್ನಲ್ ಪೋಪನ ಕಂಪನಿ ಚೈನೇ ಇಲ್ಲದ, ಹಲ್ಲುಗಾಲಿ ಮತ್ತು ದಂಡದಿಂದ ನಡೆಯುವ ಕೊಲಂಬಿಯಾ ಸೈಕಲ್ಲನ್ನು ಮಾರುಕಟ್ಟೆಗಿಳಿಸಿತು. ಬಟ್ಟೆ ಕೊಳೆಯಾಗದು ಎಂಬುದು ಅದರ ಆಕರ್ಷಣೆ. ಭಾರ ಹೆಚ್ಚು, ಬೆಲೆ ಹೆಚ್ಚು, ಅದೂ ನಿಲ್ಲಲಿಲ್ಲ.

ಮೂರನೆಯ ದಾರಿ ಎಲ್ಲಕ್ಕಿಂತ ವಿವೇಕದ್ದು: ಸರಪಳಿಯನ್ನು ತೆಗೆಯುವ ಬದಲು ಮುಚ್ಚುವುದು. ವುಲ್ವರ್‌ಹ್ಯಾಂಪ್ಟನ್ನಿನ ಸನ್‌ಬೀಮ್ ಸೈಕಲ್ಲುಗಳಲ್ಲಿ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮೀಯುತ್ತ ತಿರುಗುತ್ತಿತ್ತು. ಧೂಳಿಲ್ಲ, ಮಳೆಯಿಲ್ಲ. ಅಂಥ ಚೈನುಗಳು ದಶಕಗಟ್ಟಲೆ ಬಾಳಿದವು. ಆದರೆ ಪೆಟ್ಟಿಗೆ ಬಿಚ್ಚುವವರ ಪಾಡು ಬೇರೆ. ಇಂಗ್ಲಿಷ್ ಎಂ.ಎ. ತರಗತಿಯ ಪಠ್ಯಗಳಾಚೆಗೆ ನಮಗೆ ದಕ್ಕಿದ ಪುಸ್ತಕಗಳಲ್ಲಿ ಜೆರೋಮ್ ಕೆ. ಜೆರೋಮನ ‘ಥ್ರೀ ಮೆನ್ ಆನ್ ದ ಬಮ್ಮೆಲ್’ ಒಂದು. 1900ರ ಆ ಕೃತಿಯಲ್ಲಿ ಕೇಳದೆಯೇ ಬಂದು ಗೆಳೆಯನ ಸೈಕಲ್ಲನ್ನು ಬಿಚ್ಚಿ ಹರಡುವ ಮಹಾಶಯನೊಬ್ಬನಿದ್ದಾನೆ. ಬೇರಿಂಗಿನ ಗುಂಡುಗಳು ಅಂಗಳದಲ್ಲಿ ಉರುಳಿಹೋಗುತ್ತವೆ. ಚೈನನ್ನು ಆತ ಮೊದಲು ಅಲುಗಾಡದಷ್ಟು ಬಿಗಿಮಾಡುತ್ತಾನೆ, ಆಮೇಲೆ ಮೊದಲಿಗಿಂತ ಇಮ್ಮಡಿ ಸಡಿಲಮಾಡುತ್ತಾನೆ. ಈ ಮನುಷ್ಯ ಪ್ರತಿಯೊಂದು ವಸತಿ ಸಮುಚ್ಚಯದಲ್ಲೂ ಇದ್ದಾನೆ. ಈಗ ಅವನ ಕೈಯಲ್ಲಿ ಮೊಬೈಲೂ ಇರುತ್ತದೆ.

ಸರಪಳಿಯ ಮೇಲೆ ಇಷ್ಟು ದೂರು ಹೊರಿಸಿದರೂ ಅದಕ್ಕೆ ಬದಲಿ ಹುಟ್ಟದಿರಲು ಕಾರಣ ಅದರ ದಕ್ಷತೆ. ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1903ರ ತಮ್ಮ ವಿಮಾನದಲ್ಲಿ ಎಂಜಿನ್ನಿನಿಂದ ಪ್ರೊಪೆಲ್ಲರುಗಳಿಗೆ ಬಲ ಸಾಗಿಸಲು ನಂಬಿದ್ದು ಚೈನನ್ನೇ. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಸೈಕಲ್ ಚೈನನ್ನು ಅಳೆದಾಗ ಅತ್ಯುತ್ತಮ ಸ್ಥಿತಿಯಲ್ಲಿ ಅದು ಕಾಲಿನ ಶಕ್ತಿಯ 98.6 ಶೇಕಡದಷ್ಟನ್ನು ಹಿಂದಿನ ಚಕ್ರಕ್ಕೆ ದಾಟಿಸಿತು. ಅದೇ ಪ್ರಯೋಗದಲ್ಲಿ ಎಲ್ಲರನ್ನೂ ಅಚ್ಚರಿಗೊಳಿಸಿದ ಇನ್ನೊಂದು ಸಂಗತಿಯಿತ್ತು: ಎಣ್ಣೆ ಹಾಕಿದ ಚೈನಿಗೂ ಹಾಕದ್ದಕ್ಕೂ ದಕ್ಷತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಎಣ್ಣೆ ಡಬ್ಬಿಯನ್ನು ಎಸೆಯಲು ಹೊರಟವರು ಒಂದು ಮಾತನ್ನು ಗಮನಿಸಬೇಕು. ಅದು ಶುಭ್ರವಾದ ಪ್ರಯೋಗಾಲಯ. ಅಲ್ಲಿ ಧೂಳಿಲ್ಲ, ಮಳೆಯಿಲ್ಲ, ಚೈನಿಗೆ ಮುಪ್ಪು ಬರುವಷ್ಟು ಕಾಲವೂ ಇಲ್ಲ. ಎಣ್ಣೆಯ ಕೆಲಸ ವೇಗ ಕೊಡುವುದಲ್ಲ, ಆಯುಸ್ಸು ಕೊಡುವುದು.

ಆಯುಸ್ಸಿನ ಲೆಕ್ಕವನ್ನು ನಾವೇ ಹಾಕಿನೋಡಿದೆವು. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. 44 ಮತ್ತು 18 ಹಲ್ಲುಗಳ ಜೋಡಿಯಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 5.4 ಮೀಟರ್ ಸಾಗುತ್ತದೆ. ಒಂದು ಕಿಲೋಮೀಟರಿಗೆ 185 ಸುತ್ತು. ಪ್ರತಿ ಸುತ್ತಿಗೆ 44 ಕೊಂಡಿಗಳು ಹಾದುಹೋಗುತ್ತವೆ. ಚೈನಿನಲ್ಲಿ 110 ಕೊಂಡಿಗಳಿವೆ ಎಂದಿಟ್ಟುಕೊಂಡರೆ ಇಡೀ ಚೈನು ಕಿಲೋಮೀಟರಿಗೆ 74 ಪ್ರದಕ್ಷಿಣೆ ಹಾಕುತ್ತದೆ. ಪ್ರತಿ ಪ್ರದಕ್ಷಿಣೆಯಲ್ಲಿ ಒಂದೊಂದು ಕೀಲೂ ನಾಲ್ಕು ಸಲ ಹೊರಳುತ್ತದೆ: ಮುಂದಿನ ಹಲ್ಲುಗಾಲಿಯನ್ನು ಹತ್ತುವಾಗ ಬಾಗಿ ಇಳಿಯುವಾಗ ನೆಟ್ಟಗಾಗುತ್ತದೆ, ಹಿಂದಿನದರಲ್ಲಿಯೂ ಹಾಗೆಯೇ. ಅಂದರೆ ಕಿಲೋಮೀಟರಿಗೆ ಸುಮಾರು 300 ಸಲ. ದಿನಕ್ಕೆ 20 ಕಿಲೋಮೀಟರ್ ತಿರುಗುವ ಅಂಚೆಯವನ ಸೈಕಲ್ಲಿನಲ್ಲಿ ಒಂದೊಂದು ಕೀಲೂ ದಿನಕ್ಕೆ 6,000 ಸಲ ಪಿನ್ನಿಗೆ ಉಜ್ಜಿಕೊಳ್ಳುತ್ತದೆ. ಆ ಉಜ್ಜುವಿಕೆಯ ನಡುವೆ ಒಂದು ಕಣ ಮರಳು ಇದ್ದರೆ ಏನಾದೀತೆಂದು ವಿವರಿಸಬೇಕಾಗಿಲ್ಲ.

ಚೈನು ‘ಹಿಗ್ಗಿದೆ’ ಎಂದು ನಾವೆಲ್ಲ ಹೇಳುತ್ತೇವೆ, ಮೆಕ್ಯಾನಿಕ್ಕುಗಳೂ ಹೇಳುತ್ತಾರೆ. ಕಬ್ಬಿಣ ರಬ್ಬರಿನಂತೆ ಹಿಗ್ಗುವುದಿಲ್ಲ. ಪ್ರತಿ ಪಿನ್ನೂ ಪ್ರತಿ ಬುಷ್ಷೂ ಕೂದಲೆಳೆಯಷ್ಟು ಸವೆಯುತ್ತದೆ, ಆ ಸವೆತಗಳೆಲ್ಲ ಕೂಡಿ ಚೈನು ಉದ್ದವಾಗುತ್ತದೆ. ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ತುದಿಯ ಕಡೆಗೆ ಏರುತ್ತದೆ, ಹಲ್ಲನ್ನು ತನ್ನ ಅಳತೆಗೆ ಕೊರೆಯುತ್ತದೆ. ಕೊನೆಗೆ ಹಲ್ಲುಗಳು ಕೊಕ್ಕೆಯ ಆಕಾರ ತಾಳಿ, ಹೊಸ ಚೈನು ಹಾಕಿದರೂ ಜಾರುತ್ತದೆ. ಅಗ್ಗದ ಭಾಗವೊಂದನ್ನು ಸಕಾಲದಲ್ಲಿ ಬದಲಿಸದೆ ದುಬಾರಿ ಭಾಗಗಳನ್ನೆಲ್ಲ ಬದಲಿಸುವ ಈ ಕ್ರಮ ಸರ್ಕಾರಿ ಕಟ್ಟಡಗಳ ಸೋರುವ ಮಾಳಿಗೆಗಳನ್ನು ಕಂಡವರಿಗೆ ಹೊಸದಲ್ಲ.

ಭಾರತದಲ್ಲಿ ಈ ವಿದ್ಯೆ ಬೇರೂರಿದ ಬಗೆ ಬೇರೆ. ಮೊದಮೊದಲು ಸೈಕಲ್ಲು ಸಾಹೇಬರದು, ಆಮೇಲೆ ಶ್ರೀಮಂತರದು. ಕಲ್ಕತ್ತೆಯಲ್ಲಿ ‘ಕುಂತಲೀನ್’ ತಲೆಯೆಣ್ಣೆಯಿಂದ ಹೆಸರು ಮಾಡಿದ ಹೇಮೇಂದ್ರಮೋಹನ ಬೋಸ್ ಸೈಕಲ್ ವ್ಯಾಪಾರವನ್ನೂ ನಡೆಸಿ, ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂಥವರಿಗೆ ಸವಾರಿ ಕಲಿಸಿದ್ದರು. ತಲೆಗೂ ಚೈನಿಗೂ ಎಣ್ಣೆ ಒಂದೇ ಅಂಗಡಿಯಲ್ಲಿ! ಮುಂಬಯಿಯ ಪಾರ್ಸಿ ತರುಣರಾದ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್ಗರಾ 1923ರಲ್ಲಿ ಹೊರಟು 1928ರಲ್ಲಿ ಸೈಕಲ್ ಮೇಲೆ ಲೋಕಸಂಚಾರ ಮುಗಿಸಿ ಬಂದರು. ಮರುಭೂಮಿಗಳನ್ನು ದಾಟಿದ ಆ ಚೈನುಗಳನ್ನು ಯಾವ ಅಂಗಡಿಯವನೂ ನೋಡಿಕೊಂಡಿರಲಾರ. ಸ್ಪ್ಯಾನರ್ ಅವರ ಕೈಯಲ್ಲೇ ಇದ್ದಿರಬೇಕು.

ಸ್ವಾತಂತ್ರ್ಯದ ಹೊತ್ತಿಗೆ ತಯಾರಿಕೆ ಇಲ್ಲಿಗೇ ಬಂತು. ಮುಂಬಯಿಯ ವರ್ಲಿಯಲ್ಲಿ ಹಿಂದ್ ಸೈಕಲ್ಸ್ ಇತ್ತು. 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೀಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೊ. ಚೈನು ಮಾಡುವುದು ಸೈಕಲ್ಲಿನ ಚೌಕಟ್ಟು ಬೆಸೆಯುವುದಕ್ಕಿಂತ ಸೂಕ್ಷ್ಮವಾದ ಕೆಲಸ. ಉಕ್ಕನ್ನು ಹದಗೊಳಿಸುವ ವಿದ್ಯೆ ಬೇಕು. ಅದೂ ಮದ್ರಾಸಿನಲ್ಲಿ, ಕೊಯಮತ್ತೂರಿನಲ್ಲಿ ನೆಲೆಯೂರಿತು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ನಮ್ಮ ಬಳಗದವರು ಗೇರಿನ ಸೈಕಲ್ಲುಗಳಿಗೆ ಮುಂಗಡ ಕೊಡುತ್ತಿದ್ದುದೂ ಅದೇ ವರ್ಷದಲ್ಲಿ.

ಕಾರ್ಖಾನೆಗಳಿಗಿಂತ ಹೆಚ್ಚಾಗಿ ಈ ವಿದ್ಯೆಯನ್ನು ಕಾಪಾಡಿದ್ದು ಬೀದಿಬದಿಯ ಸೈಕಲ್ ಶಾಪು. ಚರಿತ್ರಕಾರ ಡೇವಿಡ್ ಅರ್ನಾಲ್ಡ್ ‘ಎವೆರಿಡೇ ಟೆಕ್ನಾಲಜಿ’ ಎಂಬ ತಮ್ಮ 2013ರ ಪುಸ್ತಕದಲ್ಲಿ ಸೈಕಲ್ಲು, ಹೊಲಿಗೆ ಯಂತ್ರ, ಟೈಪ್‌ರೈಟರ್, ಅಕ್ಕಿ ಗಿರಣಿಗಳು ಭಾರತದ ದಿನಬಳಕೆಯೊಳಗೆ ಬೆರೆತ ಬಗೆಯನ್ನು ಬರೆದಿದ್ದಾರೆ. ಅದನ್ನು ಓದುವಾಗ ಕರ್ನಾಟಕದ ಸಣ್ಣ ಊರುಗಳಲ್ಲಿ ಬೆಳೆದ ನಮ್ಮ ಪೀಳಿಗೆಯವರ ಕಣ್ಣಮುಂದೆ ಬರುವುದು ಬಾಡಿಗೆ ಸೈಕಲ್ಲಿನ ಅಂಗಡಿ: ಗಂಟೆಯ ಲೆಕ್ಕ ಬರೆದ ನೋಟುಪುಸ್ತಕ, ಪಂಚರ್ ನೋಡುವ ನೀರಿನ ಬಾಣಲೆ, ಸೀಮೆಎಣ್ಣೆ ತುಂಬಿದ ತಗಡಿನ ತಟ್ಟೆಯಲ್ಲಿ ಹಾವಿನಂತೆ ಸುರುಳಿ ಸುತ್ತಿ ಮುಳುಗಿದ ಚೈನು. ವರ್ಷಕ್ಕೊಮ್ಮೆ ‘ಓವರಾಲ್’ ಎಂದರೆ ಸೈಕಲ್ಲು ಬಿಡಿಬಿಡಿಯಾಗಿ ಗೋಣಿಚೀಲದ ಮೇಲೆ ಹರಡಿಕೊಳ್ಳುತ್ತಿತ್ತು. ಸಂಜೆಗೆ ಮತ್ತೆ ಸೈಕಲ್ಲಾಗಿ ಮನೆಗೆ ಬರುತ್ತಿತ್ತು. ಕನ್ನಡದಲ್ಲಿ ಚೈನು ‘ಬೀಳುತ್ತದೆ’, ಹಿಂದಿಯಲ್ಲಿ ಅದು ‘ಇಳಿಯುತ್ತದೆ’. ಬಿದ್ದದ್ದನ್ನಾಗಲಿ ಇಳಿದದ್ದನ್ನಾಗಲಿ ಮತ್ತೆ ಏರಿಸುವುದು ಹತ್ತು ವರ್ಷದ ಹುಡುಗನಿಗೂ ಗೊತ್ತಿತ್ತು. ಕಪ್ಪು ಕೈಯನ್ನು ರಸ್ತೆಬದಿಯ ಮಣ್ಣಿನಲ್ಲಿ ತಿಕ್ಕಿಕೊಳ್ಳುವುದೂ.

ಹುಡುಗಿಗೆ ಗೊತ್ತಿತ್ತೇ ಎಂದರೆ ಬಹುಮಟ್ಟಿಗೆ ಇಲ್ಲ. ಇಲ್ಲಿ ಚರಿತ್ರೆ ತುಸು ಮುಜುಗರದ್ದು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನವು ಸಾವಿರಾರು ಹಳ್ಳಿಯ ಹೆಂಗಸರಿಗೆ ಸೈಕಲ್ ಕಲಿಸಿತು. ಅಕ್ಷರದಷ್ಟೇ ಅದೂ ಬಿಡುಗಡೆಯೆಂದು ಅವರು ಕಂಡುಕೊಂಡದ್ದನ್ನು ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ಊರಾಚೆಯ ಪ್ರೌಢಶಾಲೆಗೆ ನಡೆದು ಹೋಗಲಾರದೆ ಓದು ನಿಲ್ಲಿಸುತ್ತಿದ್ದ ಹುಡುಗಿಯರ ಪಾಲಿಗೆ ಅದು ದೊಡ್ಡ ಸಂಗತಿ. ಆದರೆ ಅಂಥ ಹುಡುಗಿಯ ಚೈನು ನಡುದಾರಿಯಲ್ಲಿ ಬಿದ್ದರೆ? ಸೈಕಲ್ಲಿನ ಜೊತೆಗೆ ಒಂದು ಸ್ಪ್ಯಾನರು, ಒಂದು ಎಣ್ಣೆಯ ಡಬ್ಬಿ, ತರಗತಿಯಲ್ಲಿ ಒಂದು ಗಂಟೆಯ ಪಾಠ ಇಷ್ಟನ್ನು ಸೇರಿಸಿದರೆ ಬೊಕ್ಕಸಕ್ಕೆ ಭಾರವಾಗದು. ಅಂಚೆಯವನ ಭತ್ಯೆಯಲ್ಲಿರುವ ಕಂಸ ಇಂಥ ಯೋಜನೆಗಳ ಹೆಸರಿನಲ್ಲಿಯೂ ಇರಬೇಕಿತ್ತು ಎಂಬುದು ನಮ್ಮ ದೃಢವಾದ ಮತ.

ಇನ್ನು ಹೊಸದಾಗಿ ಸೈಕಲ್ ಕೊಂಡವರಿಗೆ. ವಿಕ್ಟೋರಿಯನ್ ಸವಾರರು ಕರಿಸೀಸದ ಪುಡಿಯನ್ನೂ ಕೊಬ್ಬನ್ನೂ ಬೆರೆಸಿ ಚೈನಿಗೆ ತಿಕ್ಕುತ್ತಿದ್ದರು. ನಮ್ಮ ಮನೆಗಳಲ್ಲಿ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಸುರಿಯುವ ವಾಡಿಕೆ ಇತ್ತು. ಅಡುಗೆಮನೆಯ ಎಣ್ಣೆಗಳು ಗಾಳಿ ತಾಕಿ ಕಾಲಕ್ರಮದಲ್ಲಿ ಅಂಟಾಗುತ್ತವೆ. ಚೈನಿಗೆ ಅವು ಸಲ್ಲ. ಹೊಲಿಗೆ ಯಂತ್ರದ ಎಣ್ಣೆ ಕೆಟ್ಟದ್ದಲ್ಲ, ಆದರೆ ತೆಳು, ಒಂದು ಮಳೆಗೆ ಹೋಗಿಬಿಡುತ್ತದೆ. ಗ್ಯಾರೇಜಿನಿಂದ ತಂದ ಬಳಸಿದ ಎಂಜಿನ್ ಆಯಿಲ್ ಬೇಡವೇ ಬೇಡ. ಅದರಲ್ಲಿ ಆಗಲೇ ಲೋಹದ ಪುಡಿ ಇರುತ್ತದೆ. ತುಕ್ಕು ಬಿಡಿಸಲೆಂದು ಮಾರುವ ಸ್ಪ್ರೇ ತುಕ್ಕು ಬಿಡಿಸಲಷ್ಟೇ, ಬಹುಬೇಗ ಆರುತ್ತದೆ. ಚೈನಿಗೆಂದೇ ಮಾರುವ ಎಣ್ಣೆಯ ಸಣ್ಣ ಶೀಶೆ ವರ್ಷಕ್ಕೆ ಸಾಕಾಗುತ್ತದೆ.

ಹಾಕುವ ಮೊದಲು ಒರೆಸಬೇಕು. ಈ ಒಂದು ಮಾತನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ. ಕೊಳೆಯ ಮೇಲೆ ಎಣ್ಣೆ ಹಾಕಿದರೆ ಧೂಳು ಎಣ್ಣೆಯೊಡನೆ ಬೆರೆತು ಸಾಣೆಯ ಹಿಟ್ಟಾಗುತ್ತದೆ, ಸವೆತ ಇನ್ನೂ ಬೇಗ. ಹಳೆಯ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಹೋದರೆ ಅರ್ಧ ಕೆಲಸ ಮುಗಿಯಿತು. ಕೊಳೆ ಗಟ್ಟಿಯಾಗಿದ್ದರೆ ಸೀಮೆಎಣ್ಣೆ. ನಗರಗಳಲ್ಲಿ ಅದು ಸಿಗದಿದ್ದರೆ ಡೀಸೆಲ್ಲು, ಇಲ್ಲವೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು. ನೀರು ಬಳಸಿದರೆ ಪೂರ್ತಿ ಒಣಗಿಸಬೇಕು. ಆಮೇಲೆ ಪ್ರತಿ ರೋಲರಿನ ಮೇಲೆ ಒಂದೊಂದೇ ತೊಟ್ಟು, ಒಂದು ಸುತ್ತು ಮುಗಿಯುವವರೆಗೆ. ಕೆಲವು ನಿಮಿಷ ಪೆಡಲ್ ತಿರುಗಿಸಿ, ಎಣ್ಣೆ ಒಳಗಿಳಿಯಲು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಹೊರಮೈಯ ಎಣ್ಣೆಯನ್ನು ಒಣಬಟ್ಟೆಯಿಂದ ತೆಗೆದುಬಿಡಬೇಕು. ಮುಟ್ಟಿದರೆ ಬೆರಳಿಗೆ ಕಪ್ಪು ಮೆತ್ತುವ ಚೈನು ಚೆನ್ನಾಗಿ ಎಣ್ಣೆ ಕಂಡ ಚೈನಲ್ಲ, ಚೆನ್ನಾಗಿ ಒರೆಸದ ಚೈನು. ಬ್ರೇಕಿನ ರಿಮ್ಮಿಗಾಗಲಿ ಡಿಸ್ಕಿಗಾಗಲಿ ಎಣ್ಣೆ ತಾಕದಂತೆ ನೋಡಿಕೊಳ್ಳಬೇಕಾದದ್ದು ಪ್ರಾಣದ ಪ್ರಶ್ನೆ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಊರೂರಿಗೆ ಉತ್ತರ ಬೇರೆ. ದೆಹಲಿಯ ಬೇಸಿಗೆಯಲ್ಲಿ ಶತ್ರು ಧೂಳು: ಎಣ್ಣೆ ಕಡಿಮೆ, ಒರೆಸುವುದು ಹೆಚ್ಚು. ಮುಂಬಯಿಯ ಆಷಾಢದಲ್ಲಿ ನೆನೆದುಬಂದ ಪ್ರತಿ ಸಲವೂ ಒರೆಸಿ ಒಂದು ಸುತ್ತು ಎಣ್ಣೆ; ನಾಳೆಗ್ಗೆ ಎಂದರೆ ಬೆಳಿಗ್ಗೆಯೇ ಕೆಂಪು. ಚೆನ್ನೈಯ ಕಡಲ ಗಾಳಿ ನಿಲ್ಲಿಸಿಟ್ಟ ಸೈಕಲ್ಲನ್ನೂ ಬಿಡದು.

ಗೇರಿಲ್ಲದ ಸೈಕಲ್ಲಿನಲ್ಲಿ ಚೈನಿನ ಬಿಗಿತವನ್ನೂ ನೋಡಬೇಕು. ಎರಡು ಹಲ್ಲುಗಾಲಿಗಳ ನಡುವಿನ ಭಾಗ ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ಆಡಬೇಕು. ಪೆಡಲನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಅತ್ಯಂತ ಬಿಗಿಯಾದ ಜಾಗದಲ್ಲಿ ನೋಡಿ, ಏಕೆಂದರೆ ಮುಂದಿನ ಹಲ್ಲುಗಾಲಿ ಪೂರ್ಣವೃತ್ತವಾಗಿರುವುದು ಅಪರೂಪ. ಹಿಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ ಚಕ್ರವನ್ನು ಹಿಂದಕ್ಕೆಳೆದು, ಎರಡು ಕಡೆಯೂ ಸಮವಾಗಿರುವಂತೆ ಬಿಗಿಯಬೇಕು. ಚೈನಿನ ಕೂಡುಕೊಂಡಿಯ ಮೇಲೆ ಮೀನಿನಾಕಾರದ ಲಾಕು ಇರುತ್ತದೆ. ಅದರ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗೆ ಮುಖಮಾಡಿರಬೇಕು. ತಿರುವುಮುರುವಾದರೆ ಯಾವುದಾದರೂ ತಾಕಿ ಬಿಚ್ಚಿಕೊಳ್ಳಬಹುದು.

ಸವೆತ ಅಳೆಯಲು ಮಕ್ಕಳ ಕಂಪಾಸು ಪೆಟ್ಟಿಗೆಯ ಗಿಡ್ಡ ಪಟ್ಟಿ ಸಾಲದು, ಇಂಚು ಗುರುತಿರುವ ಅಡಿಪಟ್ಟಿ ಬೇಕು. ಕೊಂಡಿಯಿಂದ ಕೊಂಡಿಗೆ ಅರ್ಧ ಇಂಚು ಎಂಬುದು ಲೋಕವೆಲ್ಲ ಒಪ್ಪಿದ ಅಳತೆ. ಆದ್ದರಿಂದ ಹೊಸ ಚೈನಿನ 24 ಕೊಂಡಿಗಳು ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಇಂಚು. ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಎಂಟನೆಯ ಒಂದು ಭಾಗ ಹೆಚ್ಚಿದ್ದರೆ ಹಲ್ಲುಗಳೂ ಹೋಗಿವೆ.

ಪಾರ್ಕಿಂಗ್ ಮೂಲೆಯಿಂದ ಸೈಕಲ್ಲನ್ನು ಹೊರತೆಗೆಯುವವರು ಮೊದಲು ಚೈನನ್ನು ಬಿಚ್ಚಿ ಒಂದು ರಾತ್ರಿ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ನೆನೆಹಾಕಲಿ. ಮರುದಿನ ಪ್ರತಿ ಕೀಲನ್ನೂ ಬೆರಳಿನಿಂದ ಬಾಗಿಸಿ ನೋಡಲಿ. ಒಂದೆರಡು ಬಿಗಿಯಾಗಿದ್ದರೆ ಎಣ್ಣೆ ಬಿಟ್ಟು ಅಕ್ಕಪಕ್ಕಕ್ಕೆ ಮಣಿಸಿದರೆ ಸಡಿಲವಾದಾವು. ಹೆಚ್ಚಿನವು ಬಾಗದಿದ್ದರೆ ಹೊಸ ಚೈನೇ ಸರಿ. ಅದನ್ನು ತಂದಾಗ ಹಳೆಯದನ್ನೂ ಹೊಸದನ್ನೂ ಒಂದೇ ಮೊಳೆಗೆ ತೂಗುಹಾಕಿ, ಉದ್ದಕ್ಕೆ ಉದ್ದ ಹಿಡಿದು ಕತ್ತರಿಸದೆ ಕೊಂಡಿಗಳನ್ನು ಎಣಿಸಿ ಕತ್ತರಿಸಬೇಕು. ಹಳೆಯದು ಸವೆದು ಉದ್ದವಾಗಿರುತ್ತದೆ.